ಫೋಲ್ಡರನ್ನು ಕಂಪ್ಯೂಟರ್ ಗುರುತಿಸದಿದ್ದಾಗ: ಒಳಗಿನದನ್ನು ಉಳಿಸಿಕೊಂಡು ದುರಸ್ತಿ ಮಾಡುವ ಬಗೆ

ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಶಿರಸಿಯ ನಮ್ಮ ದುರಸ್ತಿ ಮೇಜಿಗೆ ಒಂದೇ ಬಗೆಯ ದೂರುಗಳು ಬರತೊಡಗುತ್ತವೆ. ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟು ಹೋಗುತ್ತದೆ, ಬರುತ್ತದೆ, ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಆ ಗಳಿಗೆಯಲ್ಲಿ ಕಂಪ್ಯೂಟರ್ ಡಿಸ್ಕಿಗೆ ಏನನ್ನಾದರೂ ಬರೆಯುತ್ತಿದ್ದರೆ ಆ ಬರಹ ಅರ್ಧಕ್ಕೇ ನಿಲ್ಲುತ್ತದೆ. ಕಳೆದ ಆಷಾಢದಲ್ಲಿ, ಸಂಬಂಧದಲ್ಲಿ ನನಗೆ ಮಾವನಾಗುವ ತೋಟಿಗರೊಬ್ಬರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಪೆನ್‌ಡ್ರೈವೊಂದನ್ನು ತಂದು ಮೇಜಿನ ಮೇಲಿಟ್ಟು, “ತಮಾ, ಫೋಲ್ಡರ್ ಓಪನ್ನೇ ಆಗ್ತಿಲ್ಲೆ, ಎಂತಾ ಮಾಡವು?” ಎಂದರು. ಅದರಲ್ಲಿ ಒಂಬತ್ತು ವರ್ಷಗಳ ತೋಟದ ಲೆಕ್ಕವಿತ್ತು: ಕೊಳೆಮದ್ದಿನ ಖರ್ಚು, ಕೊನೆಗೌಡನಿಗೆ ಕೊಟ್ಟ ಮುಂಗಡ, ಅಡಿಕೆ ಮಾರಿದ ಪಟ್ಟಿಗಳು, ಪಹಣಿಯ ಸ್ಕ್ಯಾನ್ ಪ್ರತಿಗಳು. ಹಳದಿ ಫೋಲ್ಡರಿನ ಚಿತ್ರವಿರಬೇಕಾದಲ್ಲಿ ಬಿಳಿ ಹಾಳೆಯ ಚಿತ್ರ ಬಂದಿತ್ತು. ಬಗೆ ಎಂಬಲ್ಲಿ ‘ಫೈಲ್’ ಎಂದೂ ಗಾತ್ರ ಎಂಬಲ್ಲಿ ಸೊನ್ನೆ ಎಂದೂ ತೋರಿಸುತ್ತಿತ್ತು. ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆಂದು ಮನೆಯಲ್ಲಿ ಯಾರೋ ಹೇಳಿದ್ದರಂತೆ. ಆ ಮಾತನ್ನು ಕೇಳದೆ ಮಾವ ನೇರವಾಗಿ ಬಸ್ಸು ಹತ್ತಿದ್ದರಿಂದಲೇ ಮುಂದಿನ ಕೆಲಸಕ್ಕೆಲ್ಲ ದಾರಿಯಾಯಿತು.

ವಿಂಡೋಸ್ 10 ಮತ್ತು 11ರಲ್ಲಿ ಇಂಥ ಫೋಲ್ಡರನ್ನು ಹೇಗೆ ಪರೀಕ್ಷಿಸಬೇಕು, ಒಳಗಿನದನ್ನು ಹೇಗೆ ಹೊರತೆಗೆಯಬೇಕು, ಯಾವಾಗ ಕೈಬಿಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಆದೇಶಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಅಕ್ಷರ ಬಿಡಿಸಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.

ಚೀಲ ಬೇರೆ, ರಿಜಿಸ್ಟರ್ ಬೇರೆ

ಫೋಲ್ಡರನ್ನು ನಾವೆಲ್ಲ ಪೆಟ್ಟಿಗೆಯೆಂದು ಭಾವಿಸುತ್ತೇವೆ, ಅದು ಹಾಳಾದರೆ ಒಳಗಿನದೂ ಹಾಳಾಯಿತೆಂದು ಹೆದರುತ್ತೇವೆ. ವಾಸ್ತವದಲ್ಲಿ ಅದು ಅಡಿಕೆ ವಖಾರಿಯ ರಿಜಿಸ್ಟರಿನಂಥದ್ದು. ಯಾರ ಚೀಲ ಯಾವ ಸಾಲಿನಲ್ಲಿದೆ, ಲಾಟ್ ನಂಬರ್ ಎಷ್ಟು, ಎಷ್ಟು ಚೀಲ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಚೀಲಗಳು ಮಾತ್ರ ಗೋದಾಮಿನಲ್ಲಿ ಬೇರೆಯೇ ಕಡೆ ಪೇರಿಸಿಟ್ಟಿರುತ್ತವೆ. ರಿಜಿಸ್ಟರಿನ ಒಂದು ಪುಟ ಒದ್ದೆಯಾಗಿ ಓದಲು ಬಾರದಿದ್ದರೆ ಚೀಲ ಎಲ್ಲಿಗೂ ಹೋಗಿರುವುದಿಲ್ಲ. ಆದರೆ ಪುಸ್ತಕದಲ್ಲಿ ಆ ಸಾಲು ಖಾಲಿ ಎಂದು ಕಂಡದ್ದರಿಂದ ಹಮಾಲರು ಹಳೆಯ ಚೀಲಗಳನ್ನು ಎತ್ತಿ ಹಾಕಿ ಹೊಸದನ್ನು ಪೇರಿಸಿಬಿಟ್ಟರೆ ಮಾತ್ರ ಸರಕು ನಿಜವಾಗಿ ಕಳೆದುಹೋಗುತ್ತದೆ. ಕಂಪ್ಯೂಟರಿನಲ್ಲಿಯೂ ದತ್ತಾಂಶ ಅಳಿಯುವುದು ಬಹುಮಟ್ಟಿಗೆ ಹೀಗೆಯೇ, ಅಂದರೆ ಹಳೆಯದರ ಮೇಲೆ ಹೊಸತನ್ನು ಬರೆದಾಗ.

ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್32 ಎಂಬ ವ್ಯವಸ್ಥೆ 1996ರಷ್ಟು ಹಳೆಯದು. ಅದರ ರಿಜಿಸ್ಟರಿನಲ್ಲಿ ಪ್ರತಿ ನಮೂದಿಗೂ 32 ಬೈಟ್ ಜಾಗವಿರುತ್ತದೆ. ಮೊದಲ 11 ಬೈಟ್‌ಗಳಲ್ಲಿ ಚಿಕ್ಕ ಹೆಸರು, ಹನ್ನೆರಡನೆಯದರಲ್ಲಿ ಗುಣಲಕ್ಷಣ, ಅದರ ನಂತರ ದಿನಾಂಕ, ಮೊದಲ ಸಾಮಗ್ರಿ ಎಲ್ಲಿದೆ ಎಂಬ ಸಂಖ್ಯೆ ಮತ್ತು ಗಾತ್ರ ಇರುತ್ತವೆ. ಹನ್ನೆರಡನೆಯ ಬೈಟಿನ ಒಂದೇ ಒಂದು ಬಿಟ್, ಅದು ಫೋಲ್ಡರೋ ಫೈಲೋ ಎಂದು ನಿರ್ಧರಿಸುತ್ತದೆ. ಆ ಬಿಟ್ ತಪ್ಪಿದರೆ ಮಾವನ ಫೋಲ್ಡರಿಗಾದ ಗತಿಯೇ ಆಗುತ್ತದೆ. ಫ್ಯಾಟ್32ರಲ್ಲಿ ಫೋಲ್ಡರಿನ ಗಾತ್ರವನ್ನು ಯಾವಾಗಲೂ ಸೊನ್ನೆ ಎಂದೇ ಬರೆಯುವುದರಿಂದ, ಫೈಲೆಂದು ಗುರುತು ಬದಲಾದ ಕೂಡಲೇ ಅದು ಸೊನ್ನೆ ಗಾತ್ರದ ಫೈಲಿನ ವೇಷದಲ್ಲಿ ನಿಲ್ಲುತ್ತದೆ.

ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಇರುವುದು 1993ರಲ್ಲಿ ವಿಂಡೋಸ್ ಎನ್‌ಟಿಯ ಜೊತೆ ಬಂದ ಎನ್‌ಟಿಎಫ್‌ಎಸ್. ಇದು ರಿಜಿಸ್ಟರಿನಲ್ಲಿ ಬದಲಾವಣೆ ಮಾಡುವ ಮುಂಚೆ ಕಚ್ಚಾ ಪುಸ್ತಕವೊಂದರಲ್ಲಿ ಗುರುತು ಹಾಕಿಕೊಳ್ಳುತ್ತದೆ; ನಡುವೆ ಕರೆಂಟು ಹೋದರೆ ಮುಂದಿನ ಸಲ ಕಚ್ಚಾ ಪುಸ್ತಕ ನೋಡಿ ರಿಜಿಸ್ಟರನ್ನು ಸರಿಪಡಿಸಿಕೊಳ್ಳುತ್ತದೆ. ಫ್ಯಾಟ್32ರಲ್ಲಿಯೂ 2006ರ ಎಕ್ಸ್‌ಫ್ಯಾಟ್‌ನಲ್ಲಿಯೂ ಈ ಕಚ್ಚಾ ಪುಸ್ತಕವಿಲ್ಲ. ಮನೆಯ ಕಂಪ್ಯೂಟರ್ ಹತ್ತು ಸಲ ಆರಿದರೂ ನಡೆಯುತ್ತಿದ್ದು, ಅದಕ್ಕೆ ಸಿಕ್ಕಿಸಿದ್ದ ಪೆನ್‌ಡ್ರೈವ್ ಮಾತ್ರ ಒಂದೇ ಏಟಿಗೆ ಕೆಡುವುದಕ್ಕೆ ಇದು ದೊಡ್ಡ ಕಾರಣ.

ಮೊದಲ ಹಂತ: ಬರೆಯುವುದನ್ನು ನಿಲ್ಲಿಸಿ

ಡ್ರೈವನ್ನು ಸಿಕ್ಕಿಸಿದಾಗ ‘ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬಂದರೆ ‘ಕ್ಯಾನ್ಸಲ್’ ಒತ್ತಿ. ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂದು ವಿಂಡೋಸ್ ವಿನಯದಿಂದ ಕೇಳಿದರೂ ಸದ್ಯಕ್ಕೆ ಬೇಡವೆನ್ನಿ. ಆ ಗುಂಡಿಯ ಹಿಂದೆ ಇರುವುದು ಚೆಕ್‌ಡಿಸ್ಕ್ ಎಂಬ ವಿಂಡೋಸಿನದೇ ದುರಸ್ತಿ ಸಾಧನ. ಅದಕ್ಕೆ ಮುಖ್ಯವಾದದ್ದು ರಿಜಿಸ್ಟರಿನ ತಾಳೆಯೇ ಹೊರತು ನಿಮ್ಮ ಲೆಕ್ಕಪತ್ರವಲ್ಲ. ತಾಳೆಯಾಗದ ನಮೂದನ್ನು ಅಳಿಸಿಹಾಕಿಯಾದರೂ ಅದು ಪುಸ್ತಕವನ್ನು ಚೊಕ್ಕಟ ಮಾಡುತ್ತದೆ. ಅದರ ಸರದಿ ಮುಂದೆ ಬರುತ್ತದೆ.

ಫೋಲ್ಡರ್ ಇರುವುದು ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲೇ ಆಗಿದ್ದರೆ, ಉಳಿಸುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳಬೇಡಿ. ಫೋಲ್ಡರನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಮಾಡಿ ನೋಡುವ ಪ್ರಯೋಗವೂ ಬೇಡ. ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ಪಿನ ಡಿಸ್ಕು ಇರುವ ಕಂಪ್ಯೂಟರಿನಲ್ಲಂತೂ ಅಳಿಸಿದ್ದನ್ನು ಡಿಸ್ಕು ತಾನಾಗಿಯೇ ಬೇಗ ಶುಚಿಗೊಳಿಸಿಬಿಡುವುದರಿಂದ, ಒಮ್ಮೆ ಡಿಲೀಟ್ ಒತ್ತಿದ ಮೇಲೆ ಮರಳಿ ಸಿಗುವ ಸಂಭವ ತೀರ ಕಡಿಮೆ.

ಎರಡನೆಯ ಹಂತ: ರೋಗ ಯಾವುದೆಂದು ಗುರುತಿಸಿ

ಫೋಲ್ಡರ್ ತೆರೆಯುತ್ತಿಲ್ಲ ಎಂಬ ಒಂದೇ ದೂರಿನ ಹಿಂದೆ ಹಲವು ಬಗೆಯ ತೊಂದರೆಗಳಿರುತ್ತವೆ. ಬಹಳಷ್ಟು ಸಲ ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಸಂಪರ್ಕವೇ ಸರಿಯಿಲ್ಲದಿರಬಹುದು. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಬರುವ ಪೆನ್‌ಡ್ರೈವುಗಳ ಬಾಯನ್ನು ನಾನು ಮೊದಲು ಬೆಳಕಿಗೆ ಹಿಡಿದು ನೋಡುತ್ತೇನೆ. ಕಡಲ ಗಾಳಿಯ ಉಪ್ಪಿಗೆ ಒಳಗಿನ ಸಂಪರ್ಕದ ಪಟ್ಟಿಗಳ ಮೇಲೆ ಹಸಿರು ಕಿಲುಬು ಕೂತಿದ್ದರೆ ಡ್ರೈವ್ ಬರುತ್ತದೆ, ಹೋಗುತ್ತದೆ, ಅರ್ಧ ಫೋಲ್ಡರ್ ತೋರಿಸಿ ಸುಮ್ಮನಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಬೇರೆ ಪೋರ್ಟಿಗೆ, ಸಾಧ್ಯವಾದರೆ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ. ಡೆಸ್ಕ್‌ಟಾಪ್ ಆಗಿದ್ದರೆ ಮುಂಭಾಗದ ಪೋರ್ಟಿಗಿಂತ ಹಿಂಭಾಗದ್ದು ನಂಬಿಕೆಗೆ ಅರ್ಹ.

‘ಡಾಕ್ಯುಮೆಂಟ್ಸ್’ ಅಥವಾ ‘ಡೆಸ್ಕ್‌ಟಾಪ್’ ಫೋಲ್ಡರೇ ಸಿಗುತ್ತಿಲ್ಲ, ಆ ಜಾಗ ಲಭ್ಯವಿಲ್ಲ ಎಂದು ವಿಂಡೋಸ್ ಹೇಳಿದರೆ, ಬಹುಶಃ ಅದರ ವಿಳಾಸ ತಪ್ಪಿದೆ. ಯಾರೋ ಹಿಂದೊಮ್ಮೆ ಅದನ್ನು ಡಿ ಡ್ರೈವಿಗೋ ಒನ್‌ಡ್ರೈವ್‌ಗೋ ಸ್ಥಳಾಂತರಿಸಿರುತ್ತಾರೆ, ಈಗ ಆ ಜಾಗ ಇಲ್ಲವಾಗಿರುತ್ತದೆ. ಫೋಲ್ಡರಿನ ಮೇಲೆ ಬಲ ಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು ‘ಲೊಕೇಶನ್’ ಎಂಬಲ್ಲಿ ಯಾವ ವಿಳಾಸವಿದೆಯೆಂದು ನೋಡಿ, ಹಳೆಯ ಡ್ರೈವ್ ಸಿಕ್ಕಿಸಬೇಕಾಗಿದ್ದರೆ ಸಿಕ್ಕಿಸಿ, ಇಲ್ಲವಾದರೆ ‘ರಿಸ್ಟೋರ್ ಡಿಫಾಲ್ಟ್’ ಒತ್ತಿ. ಎರಡೇ ನಿಮಿಷದ ಕೆಲಸ.

ಪೆನ್‌ಡ್ರೈವಿನ ಎಲ್ಲ ಫೋಲ್ಡರುಗಳೂ ಶಾರ್ಟ್‌ಕಟ್ ಆಗಿದ್ದು, ಪ್ರತಿಯೊಂದರ ಮೂಲೆಯಲ್ಲೂ ಪುಟ್ಟ ಬಾಣ ಕಾಣುತ್ತಿದ್ದರೆ ಅದು ವೈರಸ್ಸಿನ ಕೆಲಸ. ಜೆರಾಕ್ಸ್ ಅಂಗಡಿಯಿಂದ ಅಂಗಡಿಗೆ ತಿರುಗುವ ಪೆನ್‌ಡ್ರೈವುಗಳಿಗೆ ಇದು ಈಗಲೂ ಬಿಡದ ಕಾಟ. ನಿಜವಾದ ಫೋಲ್ಡರುಗಳು ಅಡಗಿಕೊಂಡು ಅಲ್ಲೇ ಇರುತ್ತವೆ. ಶಾರ್ಟ್‌ಕಟ್ಟನ್ನು ಒತ್ತಿದರೆ ನಿಮ್ಮ ಕಂಪ್ಯೂಟರಿಗೂ ವೈರಸ್ ಹತ್ತುತ್ತದೆ, ಆದ್ದರಿಂದ ಒತ್ತಬೇಡಿ. ಮೊದಲು ಆಂಟಿವೈರಸ್ ಓಡಿಸಿ. ಬಳಿಕ ಕಮಾಂಡ್ ಪ್ರಾಂಪ್ಟ್ (ಆದೇಶಗಳನ್ನು ಅಕ್ಷರದಲ್ಲಿ ಒತ್ತುವ ವಿಂಡೋಸಿನ ಕಿಟಕಿ) ತೆರೆದು, ಪೆನ್‌ಡ್ರೈವಿನ ಅಕ್ಷರವನ್ನೂ ಕೋಲನ್ ಚಿಹ್ನೆಯನ್ನೂ ಒತ್ತಿ ಎಂಟರ್ ಮಾಡಿ ಆ ಡ್ರೈವಿಗೆ ಹೋಗಿ. ಅಲ್ಲಿ ಎ, ಟಿ, ಟಿ, ಆರ್, ಐ, ಬಿ ಎಂದು ಬರೆದು, ಒಂದೊಂದು ಜಾಗ ಬಿಟ್ಟು, ಕಳೆಯುವ ಚಿಹ್ನೆಯೊಂದಿಗೆ ಎಚ್, ಕಳೆಯುವ ಚಿಹ್ನೆಯೊಂದಿಗೆ ಆರ್, ಕಳೆಯುವ ಚಿಹ್ನೆಯೊಂದಿಗೆ ಎಸ್, ಅನಂತರ ನಕ್ಷತ್ರ-ಚುಕ್ಕೆ-ನಕ್ಷತ್ರ, ಕೊನೆಗೆ ಓರೆಗೆರೆಯೊಂದಿಗೆ ಎಸ್, ಓರೆಗೆರೆಯೊಂದಿಗೆ ಡಿ ಎಂದು ಒತ್ತಿ ಎಂಟರ್ ಮಾಡಿದರೆ ಅಡಗಿದ್ದದ್ದೆಲ್ಲ ಹೊರಬರುತ್ತದೆ. ನೀವು ಪೆನ್‌ಡ್ರೈವಿನಲ್ಲೇ ಇದ್ದೀರೆಂದು ಎರಡು ಸಲ ಖಚಿತಪಡಿಸಿಕೊಳ್ಳಿ. ಸಿ ಡ್ರೈವಿನಲ್ಲಿ ಈ ಆದೇಶ ಕೊಟ್ಟರೆ ಅಡಗಿರಬೇಕಾದ ವಿಂಡೋಸಿನ ಫೈಲುಗಳೂ ಬಯಲಿಗೆ ಬರುತ್ತವೆ.

ಹಳೆಯ ಕಂಪ್ಯೂಟರಿನ ಡಿಸ್ಕನ್ನು ಹೊಸದಕ್ಕೆ ಜೋಡಿಸಿದಾಗ ‘ನಿಮಗೆ ಅನುಮತಿ ಇಲ್ಲ’ ಎನ್ನುವುದು ಇನ್ನೊಂದು ಬಗೆ. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೋಲ್ಡರಿಗೂ ಒಡೆಯನ ಗುರುತು ಇರುತ್ತದೆ. ನೀವು ಅದೇ ಹೆಸರಿನಲ್ಲಿ ಲಾಗಿನ್ ಆದರೂ ಹೊಸ ವಿಂಡೋಸಿನಲ್ಲಿ ನಿಮ್ಮ ಗುರುತು ಬೇರೆಯೇ. ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್ ಎಂದು ಹೋಗಿ ‘ಓನರ್’ ಎಂಬುದರ ಪಕ್ಕದ ‘ಚೇಂಜ್’ ಒತ್ತಿ, ನಿಮ್ಮ ಹೆಸರು ಕೊಟ್ಟು, ಒಳಗಿನ ಫೋಲ್ಡರುಗಳಿಗೂ ಅನ್ವಯಿಸುವಂತೆ ಕೇಳುವ ಚೌಕದಲ್ಲಿ ಗುರುತು ಹಾಕಿ. ಫೋಲ್ಡರಿನ ಚಿತ್ರದ ಮೇಲೆ ಬೀಗದ ಗುರುತು ಇದ್ದರೆ ಮಾತ್ರ ಒಡೆತನ ಬದಲಿಸಿ ಪ್ರಯೋಜನವಿಲ್ಲ. ಅದು ಗೂಢಲಿಪೀಕರಣಗೊಂಡ ಫೋಲ್ಡರ್, ಹಳೆಯ ಕಂಪ್ಯೂಟರಿನ ಸರ್ಟಿಫಿಕೇಟ್ ಬೇಕು. ಇಡೀ ಡ್ರೈವಿಗೇ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಹಾಕಿದ್ದರೆ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಉಳಿದಿರುವುದುಂಟು, ಹುಡುಕಿ ನೋಡಿ.

ಹೆಸರಿನ ತೊಡಕೂ ಇರಬಹುದು. ಕನ್ನಡದಲ್ಲಿ ಹೆಸರಿಡುವ ನಮಗೆ ಇದು ಹೆಚ್ಚಾಗಿ ತಾಗುವುದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ವಿಂಡೋಸಿನ ರೂಢಿಯ ಮಿತಿಯಲ್ಲಿ ಪೂರ್ತಿ ವಿಳಾಸ 260 ಅಕ್ಷರಗಳನ್ನು ಮೀರಬಾರದು. ಕನ್ನಡದ ಒಂದು ಒತ್ತಕ್ಷರ ಕಣ್ಣಿಗೆ ಒಂದಾಗಿ ಕಂಡರೂ ಕಂಪ್ಯೂಟರಿನ ಎಣಿಕೆಯಲ್ಲಿ ಮೂರೋ ನಾಲ್ಕೋ ಆಗುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸ್ಥಾನ ಬೇಕು. ಹೀಗಾಗಿ ಫೋಲ್ಡರೊಳಗೆ ಫೋಲ್ಡರ್ ಮಾಡಿ ಉದ್ದುದ್ದ ಕನ್ನಡ ಹೆಸರಿಟ್ಟವರು ಅರಿವಿಲ್ಲದೆ ಮಿತಿ ದಾಟುತ್ತಾರೆ. ಮೇಲಿನ ಫೋಲ್ಡರುಗಳ ಹೆಸರನ್ನು ಚಿಕ್ಕದು ಮಾಡಿದರೆ ಒಳಗಿನದು ತೆರೆದುಕೊಳ್ಳುತ್ತದೆ. ಎರಡನೆಯ ಕೀಟಲೆ, ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ಹಾಕುವ ಕಣ್ಣಿಗೆ ಕಾಣದ ಚಿಹ್ನೆಯದು. ಹೆಸರಿನ ಕೊನೆಯಲ್ಲಿ ಅದು ಉಳಿದುಬಿಟ್ಟರೆ ‘ಬಿಲ್’ ಎಂಬ ಎರಡು ಫೋಲ್ಡರುಗಳು ನೋಡಲು ಒಂದೇ ಆಗಿದ್ದು ವಿಂಡೋಸಿಗೆ ಬೇರೆಬೇರೆಯಾಗಿರುತ್ತವೆ, ಮತ್ತು ಕೈಯಿಂದ ವಿಳಾಸ ಒತ್ತಿದಾಗ ‘ಅಂಥದ್ದು ಇಲ್ಲ’ ಎನ್ನುತ್ತದೆ. ಆದ್ದರಿಂದ ಕನ್ನಡ ಹೆಸರನ್ನು ಕಮಾಂಡ್ ಪ್ರಾಂಪ್ಟಿನಲ್ಲಿ ಎಂದೂ ಕೈಯಿಂದ ಒತ್ತಬೇಡಿ. ಶಿಫ್ಟ್ ಹಿಡಿದು ಫೋಲ್ಡರಿನ ಮೇಲೆ ಬಲ ಗುಂಡಿ ಒತ್ತಿ ‘ಕಾಪಿ ಆ್ಯಸ್ ಪಾತ್’ ಆರಿಸಿ, ಅಲ್ಲಿ ತಂದು ಅಂಟಿಸಿ. ಪರದೆಯ ಮೇಲೆ ಚೌಕಗಳು ಕಂಡರೂ ಗಾಬರಿ ಬೇಡ. ಅದು ಆ ಕಿಟಕಿಯ ಅಕ್ಷರಶೈಲಿಯ ಕೊರತೆ, ವಿಳಾಸ ಸರಿಯಾಗಿಯೇ ಇರುತ್ತದೆ. ಹೆಸರಿನ ಕೊನೆಯಲ್ಲಿ ಚುಕ್ಕೆಯೋ ಖಾಲಿ ಜಾಗವೋ ಇರುವ ಫೋಲ್ಡರನ್ನು ವಿಂಡೋಸಿನ ಎಕ್ಸ್‌ಪ್ಲೋರರ್ ಮುಟ್ಟಲಾರದು. ವಿಂಡೋಸಿನ ಬದಲು ಬಳಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಡ್ರೈವ್ ತೆರೆದು ಹೆಸರು ಬದಲಿಸುವುದು ಅದಕ್ಕೆ ನಾನು ಕಂಡ ಸುಲಭದ ದಾರಿ.

ಇವು ಯಾವುವೂ ಅಲ್ಲ, ‘ಫೈಲ್ ಅಥವಾ ಡೈರೆಕ್ಟರಿ ಕೆಟ್ಟಿದೆ, ಓದಲಾಗುತ್ತಿಲ್ಲ’ ಎಂಬ ಸಂದೇಶವೋ 80070570 ಎಂದು ಕೊನೆಗೊಳ್ಳುವ ಸಂಖ್ಯೆಯೋ ಬರುತ್ತಿದೆ, ಇಲ್ಲವೇ ಫೋಲ್ಡರ್ ಬಿಳಿ ಹಾಳೆಯಾಗಿದೆ ಎಂದಾದರೆ ರಿಜಿಸ್ಟರೇ ಕೆಟ್ಟಿದೆ. ಮುಂದಿನ ಹಂತಗಳು ಅದಕ್ಕಾಗಿ.

ಮೂರನೆಯ ಹಂತ: ಡಿಸ್ಕಿನ ಆರೋಗ್ಯ ನೋಡಿ

ರಿಜಿಸ್ಟರ್ ಕೆಟ್ಟಿದ್ದು ಕರೆಂಟಿನಿಂದಲೋ, ಗೋದಾಮಿನ ಗೋಡೆಯೇ ಕುಸಿಯುತ್ತಿದೆಯೋ ಎಂದು ಮೊದಲು ತಿಳಿಯಬೇಕು. ಹಾರ್ಡ್‌ಡಿಸ್ಕ್ ಆಗಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ 5, 197 ಮತ್ತು 198ನೆಯ ಗುಣಗಳನ್ನು ನೋಡಿ. ತಂತ್ರಾಂಶದಲ್ಲಿ ಅವು 05, ಸಿ5, ಸಿ6 ಎಂದಿರುತ್ತವೆ. ಅವುಗಳ ಮೂಲ ಸಂಖ್ಯೆ ಸೊನ್ನೆಯಾಗಿರಬೇಕು. ಸಿ5ರಲ್ಲಿ ಸಂಖ್ಯೆಯಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕಿನ ತಟ್ಟೆಯೇ ಸಾಯುತ್ತಿದೆ. ವಿಂಡೋಸ್ ತನ್ನ ದೋಷಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂವರಿನಲ್ಲೂ ಸುಳಿವು ಸಿಗುತ್ತದೆ: ಎನ್‌ಟಿಎಫ್‌ಎಸ್ ಹೆಸರಿನಲ್ಲಿ 55 ಎಂಬ ಸಂಖ್ಯೆ ಬಂದಿದ್ದರೆ ರಿಜಿಸ್ಟರಿನ ತೊಂದರೆ, ಡಿಸ್ಕ್ ಹೆಸರಿನಲ್ಲಿ 7 ಬಂದಿದ್ದರೆ ಕೆಟ್ಟ ಜಾಗ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಆರಿಸಿ, ಶುದ್ಧ ಕೋಣೆಯಿರುವ ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೆ ಕಳಿಸಿ. ಅದನ್ನು ಮನೆಯಲ್ಲಿ ಬಿಚ್ಚಿ ನೋಡಿದವರಿಂದ ಏನನ್ನೂ ಉಳಿಸಿಕೊಡಲು ನನಗೆ ಈವರೆಗೆ ಆಗಿಲ್ಲ.

ನಾಲ್ಕನೆಯ ಹಂತ: ಇಡೀ ಡ್ರೈವಿನ ಪ್ರತಿ ತೆಗೆಯಿರಿ

ಕೆಟ್ಟ ಫೋಲ್ಡರನ್ನು ಕಾಪಿ ಮಾಡಲು ಆಗುವುದಿಲ್ಲ, ಆದರೆ ಡ್ರೈವಿನ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ, ರಿಜಿಸ್ಟರಿನ ಗೊಡವೆಗೇ ಹೋಗದೆ, ಇದ್ದದ್ದು ಇದ್ದ ಹಾಗೆ ನಕಲು ಮಾಡಲು ಆಗುತ್ತದೆ. ಇದನ್ನು ಡಿಸ್ಕ್ ಇಮೇಜ್ ಎನ್ನುತ್ತಾರೆ. ಫೋಲ್ಡರಿನಲ್ಲಿ ಇನ್ನೂರು ಎಂಬಿ ಮಾತ್ರ ಇದ್ದರೂ 32 ಜಿಬಿ ಪೆನ್‌ಡ್ರೈವಿನ ಇಮೇಜಿಗೆ ಪೂರ್ತಿ 32 ಜಿಬಿ ಜಾಗ ಬೇಕು. ಅಷ್ಟು ಜಾಗವಿರುವ ಬೇರೆ ಹಾರ್ಡ್‌ಡಿಸ್ಕ್ ಮೊದಲೇ ಹೊಂದಿಸಿಕೊಳ್ಳಿ.

ಇದಕ್ಕೆ ನಾನು ಉಬುಂಟು ಎಂಬ ಲಿನಕ್ಸನ್ನು ಬೇರೊಂದು ಪೆನ್‌ಡ್ರೈವಿನಿಂದಲೇ ಓಡಿಸುತ್ತೇನೆ. ಕಂಪ್ಯೂಟರಿನಲ್ಲಿ ಸ್ಥಾಪಿಸುವುದೇನೂ ಬೇಡ, ‘ಟ್ರೈ ಉಬುಂಟು’ ಆರಿಸಿದರೆ ಸಾಕು. ಅದರಲ್ಲಿನ ‘ಡಿಸ್ಕ್ಸ್’ ಎಂಬ ತಂತ್ರಾಂಶ ತೆರೆದು, ಎಡಭಾಗದ ಪಟ್ಟಿಯಿಂದ ಕೆಟ್ಟ ಡ್ರೈವನ್ನು ಆರಿಸಿ, ಕೆಳಗಿನ ಪಟ್ಟಿಯಲ್ಲಿ ಅದರ ವಿಭಾಗವನ್ನು ಗುರುತಿಸಿ, ‘ಕ್ರಿಯೇಟ್ ಪಾರ್ಟಿಶನ್ ಇಮೇಜ್’ ಒತ್ತಿ. ಓದುವಾಗ ನಡುವೆ ದೋಷ ಬಂದು ನಿಂತರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬೇಕು. ಅದು ಸುಲಭವಾಗಿ ಓದಬರುವುದನ್ನೆಲ್ಲ ಮೊದಲು ಓದಿ, ಹಠಮಾರಿ ಜಾಗಗಳನ್ನು ಗುರುತು ಹಾಕಿಟ್ಟುಕೊಂಡು ಕೊನೆಗೆ ಅವುಗಳ ಬೆನ್ನು ಹತ್ತುತ್ತದೆ. ಅದರಲ್ಲಿ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಖಾಲಿ ಡಿಸ್ಕಿನ ಖಾಲಿತನವೇ ನಿಮ್ಮ ಲೆಕ್ಕದ ಮೇಲೆ ನಕಲಾಗುತ್ತದೆ. ಎಂಟರ್ ಒತ್ತುವ ಮುಂಚೆ ಗಾತ್ರ ನೋಡಿ ತಾಳೆ ಮಾಡಿಕೊಳ್ಳಿ.

ಕಂಪ್ಯೂಟರಿನ ಒಳಗಿನ ಡಿಸ್ಕೇ ಕೆಟ್ಟಿದ್ದರೆ ಇನ್ನೊಂದು ಎಚ್ಚರಿಕೆ. ವಿಂಡೋಸಿನಲ್ಲಿ ‘ಶಟ್‌ಡೌನ್’ ಎಂದರೆ ಪೂರ್ತಿ ಆರುವುದಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಅದು ಅರೆನಿದ್ದೆಗೆ ಜಾರಿ ಡಿಸ್ಕಿನ ಬಾಗಿಲನ್ನು ಹಿಡಿದುಕೊಂಡೇ ಇರುತ್ತದೆ. ಉಬುಂಟುವಿಗೆ ಹೋಗುವ ಮುಂಚೆ ‘ರಿಸ್ಟಾರ್ಟ್’ ಆರಿಸಿದರೆ ಈ ತೊಡಕಿಲ್ಲ. ಇಷ್ಟು ದೂರ ಬಂದಾಗ ಕೆಲವೊಮ್ಮೆ ವಿಂಡೋಸ್ ತೆರೆಯದ ಫೋಲ್ಡರನ್ನು ಉಬುಂಟು ಸರಾಗವಾಗಿ ತೆರೆದುಬಿಡುತ್ತದೆ. ಹಾಗಾದರೆ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿಕೊಂಡು ನೆಮ್ಮದಿಯಾಗಿರಿ.

ಐದನೆಯ ಹಂತ: ಚೆಕ್‌ಡಿಸ್ಕ್

ಇಮೇಜ್ ಕೈಯಲ್ಲಿದ್ದ ಮೇಲೆ ಚೆಕ್‌ಡಿಸ್ಕಿಗೆ ಹೆದರಬೇಕಾಗಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಅಕ್ಷರಗಳನ್ನು ಒತ್ತಿ, ಜಾಗ ಬಿಟ್ಟು ಡ್ರೈವಿನ ಅಕ್ಷರ ಮತ್ತು ಕೋಲನ್ ಹಾಕಿ ಎಂಟರ್ ಮಾಡಿ. ಹೀಗೆ ಕೊಟ್ಟರೆ ಅದು ನೋಡಿ ವರದಿ ಕೊಡುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ವರದಿಯಲ್ಲಿ ದೋಷ ಕಂಡರೆ ಅದೇ ಆದೇಶದ ಕೊನೆಗೆ ಜಾಗ ಬಿಟ್ಟು ಓರೆಗೆರೆ ಮತ್ತು ಎಫ್ ಸೇರಿಸಿ ಮತ್ತೆ ಓಡಿಸಿ. ಎಫ್ ಬದಲು ಆರ್ ಹಾಕಿದರೆ ಡಿಸ್ಕಿನ ಪ್ರತಿಯೊಂದು ಜಾಗವನ್ನೂ ಓದಿ ಪರೀಕ್ಷಿಸುತ್ತದೆ. ದೊಡ್ಡ ಡಿಸ್ಕಿಗೆ ಅದು ಗಂಟೆಗಟ್ಟಲೆ ಹಿಡಿಯುತ್ತದೆ, ಸಾಯುತ್ತಿರುವ ಡಿಸ್ಕಿಗೆ ಕೊನೆಯ ಪೆಟ್ಟೂ ಆಗಬಹುದು. ಮಳೆಗಾಲದಲ್ಲಿ ಇದನ್ನು ಇನ್ವರ್ಟರ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಮಾಡಲೇಬೇಡಿ, ಬ್ಯಾಟರಿ ತುಂಬಿದ ಲ್ಯಾಪ್‌ಟಾಪಿನಲ್ಲಿ ಮಾಡಿ. ಸಿ ಡ್ರೈವ್ ಆದರೆ ‘ಈಗ ಆಗುವುದಿಲ್ಲ, ಮುಂದಿನ ಸಲ ಶುರುವಾಗುವಾಗ ಮಾಡಲೇ’ ಎಂದು ಕೇಳುತ್ತದೆ. ವೈ ಒತ್ತಿ ರಿಸ್ಟಾರ್ಟ್ ಮಾಡಿ.

ಮುಗಿದ ಮೇಲೆ ಫೋಲ್ಡರ್ ತನ್ನ ಜಾಗದಲ್ಲೇ ತೆರೆದುಕೊಂಡರೆ ಅದೃಷ್ಟ. ಕಾಣದಾದರೆ, ಎಕ್ಸ್‌ಪ್ಲೋರರಿನ ವ್ಯೂ ಸೆಟ್ಟಿಂಗಿನಲ್ಲಿ ಅಡಗಿದ ಫೈಲುಗಳನ್ನೂ ವ್ಯವಸ್ಥೆಯ ಸಂರಕ್ಷಿತ ಫೈಲುಗಳನ್ನೂ ತೋರಿಸುವಂತೆ ಮಾಡಿ, ಡ್ರೈವಿನ ಮೊದಲ ಪುಟದಲ್ಲಿ ‘ಫೌಂಡ್’ ಚುಕ್ಕೆ 000 ಎಂಬ ಹೆಸರಿನ ಫೋಲ್ಡರ್ ಹುಡುಕಿ. ವಾರಸುದಾರರಿಲ್ಲದ ಚೀಲಗಳನ್ನೆಲ್ಲ ಚೆಕ್‌ಡಿಸ್ಕ್ ತಂದು ಸುರಿಯುವುದು ಅಲ್ಲಿಗೆ. ‘ಡಿಐಆರ್’ ಎಂದು ಶುರುವಾಗುವ ಫೋಲ್ಡರುಗಳಿದ್ದರೆ ಒಳಗೆ ನಿಮ್ಮ ಫೈಲುಗಳು ಹೆಸರಿನ ಸಮೇತ ಇರುತ್ತವೆ. ಬರೀ ‘ಫೈಲ್0000’ ಎಂಬಂಥ, ಸಿಎಚ್‌ಕೆ ಬಾಲವಿರುವ ಫೈಲುಗಳಿದ್ದರೆ ಹೆಸರು ಹೋಗಿದೆ, ಹೂರಣ ಉಳಿದಿದೆ. ಅಂಥ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಎರಡು ಮೂರು ಅಕ್ಷರ ನೋಡಿ. ‘ಪಿಡಿಎಫ್’ ಎಂದು ಕಂಡರೆ ಅದೇ. ‘ಪಿಕೆ’ ಎಂದಿದ್ದರೆ ಹೊಸ ಬಗೆಯ ವರ್ಡ್ ಅಥವಾ ಎಕ್ಸೆಲ್ ಫೈಲು. ಅವು ಒಳಗೆ ಜಿಪ್ ಕಟ್ಟುಗಳು, ಆ ಎರಡಕ್ಷರ ಜಿಪ್ ರೂಪಿಸಿದ ಫಿಲ್ ಕಾಟ್ಜ್‌ರ ಇನಿಷಿಯಲ್ಲು. ಕ್ಯಾಮೆರಾದ ಫೋಟೊಗಳಲ್ಲಿ ‘ಜೆಎಫ್‌ಐಎಫ್’ ಅಥವಾ ‘ಎಕ್ಸಿಫ್’ ಎಂಬ ಪದ ಆರಂಭದಲ್ಲೇ ಸಿಗುತ್ತದೆ. ಅದರಂತೆ ಬಾಲ ಬದಲಿಸಿದರೆ ಫೈಲು ತೆರೆಯುತ್ತದೆ.

ಚೆಕ್‌ಡಿಸ್ಕ್ ‘ಇದು ರಾ ಡ್ರೈವ್, ನನ್ನಿಂದಾಗದು’ ಎಂದು ಕೈಚೆಲ್ಲಿದರೆ ರಿಜಿಸ್ಟರಿನ ಮುಖಪುಟವೇ ಹೋಗಿದೆಯೆಂದು ಅರ್ಥ. ಆಗ ಟೆಸ್ಟ್‌ಡಿಸ್ಕ್ ಎಂಬ ಉಚಿತ ಮುಕ್ತ ತಂತ್ರಾಂಶವನ್ನು ಇಮೇಜಿನ ಮೇಲೆ ಓಡಿಸಿ. ‘ಅನಲೈಸ್’, ‘ಕ್ವಿಕ್ ಸರ್ಚ್’ ಮುಗಿದು ವಿಭಾಗಗಳ ಪಟ್ಟಿ ಬಂದಾಗ ಪಿ ಒತ್ತಿದರೆ ಫೈಲುಗಳು ಕಾಣುತ್ತವೆ, ಬೇಕಾದದ್ದರ ಮೇಲೆ ನಿಂತು ಸಣ್ಣ ಸಿ ಒತ್ತಿದರೆ ನಕಲಾಗುತ್ತವೆ. ‘ರೈಟ್’ ಎಂಬುದನ್ನು ಮಾತ್ರ ಅರ್ಥವಾಗದೆ ಒತ್ತಬಾರದು. ಅದರ ಜೊತೆಗೇ ಬರುವ ಫೋಟೊರೆಕ್ ಕೊನೆಯ ಅಸ್ತ್ರ. ಅದು ರಿಜಿಸ್ಟರನ್ನು ನೋಡುವುದೇ ಇಲ್ಲ, ಗೋದಾಮಿಗೆ ನುಗ್ಗಿ ಪ್ರತಿ ಚೀಲದ ಬಾಯಿ ಬಿಚ್ಚಿ ಚಾಲಿಯೋ ಕೆಂಪಡಿಕೆಯೋ ಎಂದು ನೋಡಿ ಬೇರ್ಪಡಿಸುತ್ತದೆ. ಹೆಸರು ಹೋಗುತ್ತದೆ, ಫೋಲ್ಡರಿನ ವಿಂಗಡಣೆಯೂ ಹೋಗುತ್ತದೆ. ಸಾವಿರಾರು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವ ತಾಳ್ಮೆ ಬೇಕು.

ಮಾವನ ಫೋಲ್ಡರಿಗೆ ಮಾಡಿದ್ದು

ಮಾವನ ಪೆನ್‌ಡ್ರೈವಿಗೆ ಚೆಕ್‌ಡಿಸ್ಕ್ ಓಡಿಸುವ ಮುಂಚೆ ಇನ್ನೊಂದು ದಾರಿ ನೋಡಿದೆ. ಫೋಲ್ಡರಿನ ಹೆಸರು, ಜಾಗ ಎರಡೂ ಸರಿಯಾಗಿದ್ದು ಗುರುತು ಮಾತ್ರ ತಪ್ಪಿದೆ ಎಂಬ ಗುಮಾನಿ ನನಗಿತ್ತು. ಫ್ಯಾಟ್32 ಡ್ರೈವಿನಲ್ಲಿ, ಇಮೇಜ್ ತೆಗೆದಿಟ್ಟುಕೊಂಡವರು ಮಾತ್ರ, ಅದೂ ಇಮೇಜಿನ ಎರಡನೆಯ ನಕಲಿನ ಮೇಲೆ ಇದನ್ನು ಮಾಡಬಹುದು.

ಬೈಟುಗಳನ್ನು ಸಂಕೇತಗಳಾಗಿ ತೋರಿಸಿ ತಿದ್ದಲು ಬಿಡುವ ಎಚ್‌ಎಕ್ಸ್‌ಡಿ ಎಂಬ ಉಚಿತ ಹೆಕ್ಸ್ ಎಡಿಟರಿನಲ್ಲಿ ನಕಲನ್ನು ತೆರೆದು, ಫೋಲ್ಡರಿನ ಹೆಸರನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದೆ. ಮಾವ ‘ತೋಟ’ ಎಂಬುದನ್ನು ಟಿ, ಎಚ್, ಓ, ಟಿ, ಎ ಎಂದು ಇಂಗ್ಲಿಷಿನಲ್ಲೇ ಹೆಸರಿಟ್ಟಿದ್ದು ಅನುಕೂಲವಾಯಿತು. ಸಾಲು ಹೀಗಿತ್ತು: 54, 48, 4ಎಫ್, 54, 41, ಅದರ ಮುಂದೆ ಸಾಲಾಗಿ ಏಳು ಸಲ 20. ಹೆಸರಿಗೆ ಐದೇ ಅಕ್ಷರ, ಉಳಿದ ಆರು ಸ್ಥಾನಗಳನ್ನು ಖಾಲಿ ಜಾಗದಿಂದ ತುಂಬಿದೆ, ಖಾಲಿ ಜಾಗದ ಸಂಕೇತವೇ 20. ಆದರೆ ಏಳನೆಯ 20 ಖಾಲಿ ಜಾಗವಲ್ಲ. ಅದು 0ಬಿ ಎಂಬ ಕಂಬದ ಕೆಳಗಿನ ಹನ್ನೆರಡನೆಯ ಬೈಟು, ಗುಣಲಕ್ಷಣ. ಅಲ್ಲಿ 20 ಎಂದರೆ ಸಾಧಾರಣ ಫೈಲು, 10 ಎಂದರೆ ಫೋಲ್ಡರ್. ಪಕ್ಕದ ನಮೂದಿನಲ್ಲಿದ್ದ ಇನ್ನೊಂದು ಸರಿಯಾದ ಫೋಲ್ಡರಿನ ಅದೇ ಕಂಬದಲ್ಲಿ 10 ಇದ್ದದ್ದನ್ನು ನೋಡಿ ಖಚಿತಪಡಿಸಿಕೊಂಡು, ಈ 20ನ್ನು 10 ಮಾಡಿ ಉಳಿಸಿದೆ. ಅದೇ ಹೆಸರಿನ ಮೊದಲ ಬೈಟಿನಲ್ಲಿ ಇ5 ಎಂದಿದ್ದಿದ್ದರೆ ಅದು ಅಳಿಸಿದ ನಮೂದೆಂದು ಅರ್ಥ, ಆಗ ಈ ಉಪಾಯ ನಡೆಯುವುದಿಲ್ಲ.

ಬಳಿಕ ಉಬುಂಟುವಿನಲ್ಲಿ ಆ ನಕಲಿನ ಮೇಲೆ ಬಲ ಗುಂಡಿ ಒತ್ತಿ ‘ಡಿಸ್ಕ್ ಇಮೇಜ್ ಮೌಂಟರ್’ ಮೂಲಕ ತೆರೆದಾಗ, ಬಿಳಿ ಹಾಳೆ ಮತ್ತೆ ಫೋಲ್ಡರಾಗಿ ಕೂತಿತ್ತು. ಒಳಗಿನ ವರ್ಷವಾರು ಫೋಲ್ಡರುಗಳನ್ನೆಲ್ಲ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆ. ಮೂಲ ಪೆನ್‌ಡ್ರೈವನ್ನು ಆಮೇಲೆ ಪೂರ್ತಿ ಫಾರ್ಮ್ಯಾಟ್ ಮಾಡಿ ಪರೀಕ್ಷಿಸಿದೆ, ಕ್ವಿಕ್ ಫಾರ್ಮ್ಯಾಟ್ ಎಂಬ ಚೌಕದ ಗುರುತು ತೆಗೆದರೆ ಅದು ಇಡೀ ಡ್ರೈವನ್ನು ಓದಿ ನೋಡುತ್ತದೆ. ಡ್ರೈವ್ ಗಟ್ಟಿಯಾಗಿತ್ತು. ಆದರೂ ಲೆಕ್ಕಕ್ಕೆ ಅದನ್ನು ಮತ್ತೆ ಕೊಡಲು ಮನಸ್ಸಾಗಲಿಲ್ಲ. ಮೊಮ್ಮಗನಿಗೆ ಹಾಡು ತುಂಬಿಸಲು ಇಟ್ಟುಕೊಳ್ಳಿ ಎಂದೆ. ಮನೆಯ ಇನ್ವರ್ಟರಿನ ಹಿಂಬದಿಯಲ್ಲಿ ಯುಪಿಎಸ್ ಮೋಡಿನ ಸ್ವಿಚ್ ಇದೆಯೋ ನೋಡಲು ಹೇಳಿದೆ. ಇಕೋ ಮೋಡಿನಲ್ಲಿ ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವ ಕ್ಷಣಾರ್ಧದಲ್ಲಿ ಡೆಸ್ಕ್‌ಟಾಪ್ ಆರಿ ಹೊತ್ತಿಕೊಳ್ಳುತ್ತದೆ, ಯುಪಿಎಸ್ ಮೋಡಿನಲ್ಲಿ ಆ ಅಂತರ ಕಡಿಮೆ. ಲೆಕ್ಕದ ಮೂಲವನ್ನು ಕಂಪ್ಯೂಟರಿನ ಒಳಗೇ ಇಟ್ಟು, ಹೊಸ ಪೆನ್‌ಡ್ರೈವೊಂದರಲ್ಲಿ ನಕಲು ಮಾತ್ರ ಇರುವಂತೆ ಹೊಂದಿಸಿಕೊಟ್ಟೆ.

ಎಲ್ಲ ಫೈಲುಗಳನ್ನೂ ಮಾವನ ಎದುರೇ ಒಂದೊಂದಾಗಿ ತೆರೆದು ನೋಡಿದೆವು, ಏಕೆಂದರೆ ಹೆಸರು ಬಂದ ಮಾತ್ರಕ್ಕೆ ಒಳಗಿನದು ಸರಿಯಿದೆಯೆಂದು ಅರ್ಥವಲ್ಲ. ಪಹಣಿಗಳೆಲ್ಲ ಸರಿಯಿದ್ದವು, ಎಂಟು ವರ್ಷದ ಲೆಕ್ಕವೂ ಸರಿಯಿತ್ತು. ಕರೆಂಟು ಹೋದಾಗ ತೆರೆದಿದ್ದ ಕೊನೆಯ ವರ್ಷದ ಎಕ್ಸೆಲ್ ಫೈಲು ಮಾತ್ರ ಏನು ಮಾಡಿದರೂ ತೆರೆಯಲಿಲ್ಲ. ನೋಟ್‌ಪ್ಯಾಡಿನಲ್ಲಿ ನೋಡಿದರೆ ಆರಂಭದ ‘ಪಿಕೆ’ಯ ಜಾಗದಲ್ಲೂ ಬರೀ ಖಾಲಿ. ಆ ಒಂದು ವರ್ಷದ ಬಿಡಿ ಚೀಟಿಗಳು ಜಗಲಿಯ ಮೊಳೆಗೆ ಚುಚ್ಚಿಟ್ಟದ್ದು ಹಾಗೇ ಇವೆ, ಸೋನೆ ಮಳೆಯಲ್ಲಿ ಬೇರೆ ಕೆಲಸವೇನಿದೆ, ಕೂತು ಬರೆದರಾಯಿತು ಎಂದು ಮಾವ ಹೊಸ ಪೆನ್‌ಡ್ರೈವನ್ನು ಅದೇ ಕೊಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.